ಹನ್ನೆರಡು ಕುರ್ಚಿ ತುಂಬಿಸುವ ಫೋನಕ್ಕ

ಬೆಳಗಿನ ಆರೂ ಇಪ್ಪತ್ತು. ಅಡುಗೆಮನೆಯ ಕಿಟಕಿ ಪಕ್ಕ ಮೋಟು ಸ್ಟೂಲಿನ ಮೇಲೆ ಕೂತು ಫೋನಕ್ಕ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಹಳೇ ಮೊಬೈಲು, ರಟ್ಟಿನ ಹೊದಿಕೆಯ ನೋಟುಬುಕ್ಕು, ದಾರ ಕಟ್ಟಿದ ಪೆನ್ನು. ಇಡೀ ಮನೆಯಲ್ಲಿ ಸಿಗ್ನಲ್ ನೆಟ್ಟಗೆ ಸಿಗುವುದು ಈ ಕಿಟಕಿಯ ಹತ್ತಿರ ಮಾತ್ರ. ಒಲೆಯ ಮುಂದೆ ಅವರ ಯಜಮಾನರು ಚಹಾಕ್ಕೆ ನೀರಿಟ್ಟು ನಿಂತಿದ್ದಾರೆ. ಅವರು ಮಾತಾಡುವ ಹಾಗಿಲ್ಲ, ಬರೆಯಲು ಬಂದಿರುವ ನಾನೂ ಮಾತಾಡುವ ಹಾಗಿಲ್ಲ; ಲೈನು ಸೇರಿದೆ.

"ಎದ್ರಾ?" ಎನ್ನುತ್ತಾರೆ ಫೋನಕ್ಕ. ಆ ಕಡೆಯವರು ಏನೋ ಹೇಳುತ್ತಾರೆ. "ಕೂತಿದೀರೋ, ನಿಂತಿದೀರೋ?" ಮತ್ತೇನೋ ಉತ್ತರ. "ಮಲ್ಕೊಂಡೇ ಇದ್ರೆ ಎದ್ದ ಹಾಗಾಗ್ಲಿಲ್ಲ. ಕಾಲು ನೆಲಕ್ಕಿಡಿ. ಇಟ್ಟ ಮೇಲೆ ಹೇಳಿ, ನಾನು ಲೈನಲ್ಲೇ ಇರ್ತೀನಿ."

ಕಾಯುತ್ತಾರೆ. ಯಾವ ಅವಸರವೂ ಇಲ್ಲ.

"ಇಟ್ರಾ? ತಣ್ಣಗೆ ಕೊರೀತಿದ್ಯಾ? ಕೊರೀಲಿ ಬಿಡಿ. ಎಂಟು ಗಂಟೆಗೆ ಸಿಗೋಣ."

ನನಗೆ ಕೇಳಿಸುವುದು ಈ ಕಡೆಯ ಮಾತು ಮಾತ್ರ. ಆ ಕಡೆಯ ಮಾತಿಗೆ ಕಿವಿ ಕೊಡಕೂಡದು, ನೋಟುಬುಕ್ಕಿಗೆ ಕಣ್ಣು ಹಾಕಕೂಡದು ಎಂದು ಒಳಗೆ ಬಿಡುವ ಮೊದಲೇ ಷರತ್ತು ಹಾಕಿದ್ದಾರೆ. ಅವರ ಬಾಯಲ್ಲಿ ಒಂದು ಹೆಸರೂ ಬರುವುದಿಲ್ಲ. ಎರಡನೇ ಫೋನು ಸೇರುತ್ತದೆ. "ಜ್ವರ ಅಂದ್ರಾ? ನೋಡಿ, ಜ್ವರ ಇದ್ರೆ ಬರಲೇಬೇಡಿ, ಹೊದ್ಕೊಂಡು ಮಲಗಿ. ಹೆದರಿಕೆ ಆಗಿದ್ರೆ ಮಾತ್ರ ಬನ್ನಿ. ಎರಡರಲ್ಲಿ ಯಾವುದು?" ಚಹಾ ಕುದಿದು, ಸೋಸಿ, ನನ್ನ ಕೈಗೆ ಬಂದ ಮೇಲೆ ಫೋನಕ್ಕ ಮತ್ತೆ ಬಾಯಿ ತೆರೆಯುತ್ತಾರೆ. "ಎರಡನೇದು ತಾನೇ? ಹಾಗಾದ್ರೆ ಬಂದ್ಬಿಡಿ. ಗೇಟಲ್ಲಿ ನಿಂತಿರ್ತೀನಿ. ಹಸಿರು ಸ್ವೆಟರು."

ಒಳಕೋಣೆಯಿಂದ ಅತ್ತೆಯ ದನಿ. ವಯಸ್ಸು ಎಂಬತ್ತೆಂಟು, ಕಿವಿ ಮಂದ. "ಯಾರದೇ ಅದು ಫೋನು? ನಮಗೆ ಇಷ್ಟೊಂದು ಜನ ನೆಂಟರು ಎಲ್ಲಿಂದ ಹುಟ್ಕೊಂಡ್ರು?"

"ನಿನ್ನ ಸೊಸೆ ಕಡೆಯವರಮ್ಮಾ!" ಯಜಮಾನರು ಗೋಡೆ ಅದುರುವ ಹಾಗೆ ಕೂಗಿ ಹೇಳುತ್ತಾರೆ. ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರವಂತೆ.

ಏಳೂಕಾಲರ ಹೊತ್ತಿಗೆ ಹನ್ನೊಂದು ಫೋನು ಮುಗಿದಿವೆ. ಒಬ್ಬರು ಎತ್ತಲಿಲ್ಲ. ಆ ಸಾಲಿನ ಮುಂದೆ ಒಂದು ಚುಕ್ಕಿ ಇಟ್ಟು, ಅರ್ಧ ಲೋಟ ಚಹಾ ಹಾಗೇ ಬಿಟ್ಟು, ಫೋನಕ್ಕ ಚಪ್ಪಲಿ ಮೆಟ್ಟುತ್ತಾರೆ.

ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಶೆಡ್ಡನ್ನು ದಾಟಿದರೆ ಒಂದು ಹಳೇ ಕಟ್ಟಡ ಸಿಗುತ್ತದೆ. ಅದು ವ್ಯಸನಮುಕ್ತಿ ಕೇಂದ್ರ. ಕುಡಿತ, ಮಾತ್ರೆ, ಪುಡಿ, ಏನನ್ನೇ ಆಗಲಿ ಬಿಡಲು ಹೆಣಗುವವರು ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯ ತನಕ ಇಲ್ಲಿ ಗುಂಪಾಗಿ ಕೂತು ಮಾತಾಡುತ್ತಾರೆ. ಮಂಗಳವಾರದ್ದೊಂದು ಗುಂಪು, ಶುಕ್ರವಾರದ್ದು ಇನ್ನೊಂದು. ಒಬ್ಬರು ಆಪ್ತಸಮಾಲೋಚಕಿ, ಸುತ್ತ ಹನ್ನೆರಡು ಕುರ್ಚಿ. ಇದನ್ನು ಗುಂಪು ಚಿಕಿತ್ಸೆ ಎನ್ನುತ್ತಾರೆ. ಔಷಧಿಯಿಂದ ಮೈ ಸರಿಹೋದ ಮೇಲೂ ಮನಸ್ಸು ಹಳೇ ದಾರಿ ಹಿಡಿಯದ ಹಾಗೆ ನೋಡಿಕೊಳ್ಳುವುದು ಈ ಹನ್ನೆರಡು ಕುರ್ಚಿಗಳ ಕೆಲಸ. ಆದರೆ ಜನ ಬಂದು ಕೂತರೆ ತಾನೆ? ಬರುವಂತೆ ಮಾಡುವುದು, ಬಂದವರು ನಡುವೆ ಬಿಟ್ಟು ಓಡದಂತೆ ನೋಡಿಕೊಳ್ಳುವುದು ಫೋನಕ್ಕನ ಕೆಲಸ.

ಅವರಿಗೀಗ ಐವತ್ತೊಂಬತ್ತು. ಇದೇ ಆಸ್ಪತ್ರೆಯ ಮುಂಭಾಗದ ಕಟ್ಟಡದಲ್ಲಿ ಇಪ್ಪತ್ತಮೂರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಹೊರಗಿನ ಕರೆ ಒಳಗೆ, ಒಳಗಿನದು ಹೊರಗೆ. ದಿನಕ್ಕೆ ನಾನೂರಕ್ಕೂ ಹೆಚ್ಚು ಕರೆ. ಒಂದು ದಿನ ತಾನಾಗಿಯೇ ಕರೆ ಜೋಡಿಸುವ ಯಂತ್ರ ಬಂತು. ಸ್ವಿಚ್‌ಬೋರ್ಡನ್ನು ನಾಲ್ಕು ಜನ ಹೊತ್ತುಕೊಂಡು ಹೋದರು. "ಅದರ ಹಿಂದೆ ಗೋಡೆ ಮೇಲೆ ಬೆಳ್ಳಗೆ ಚೌಕಾಕಾರದ ಜಾಗ ಉಳಿದಿತ್ತು. ಹದಿನೈದು ದಿನ ಅದನ್ನೇ ನೋಡ್ಕೊಂಡು ಕೂತಿದ್ದೆ," ಎನ್ನುತ್ತಾರೆ. ಆಮೇಲೆ 'ಹೆಚ್ಚುವರಿ ಸಿಬ್ಬಂದಿ' ಎಂಬ ಹಣೆಪಟ್ಟಿ ಹಚ್ಚಿ ಅವರನ್ನು ಹಿಂದಿನ ಕಟ್ಟಡಕ್ಕೆ ಕಳಿಸಿದರು. ಅಲ್ಲಿ ಏನು ಮಾಡಬೇಕೆಂದು ಕಳಿಸಿದವರಿಗೂ ಗೊತ್ತಿರಲಿಲ್ಲ.

"ಕುರ್ಚಿ ಒರೆಸ್ತಿದ್ದೆ. ಬೇರೆ ಏನ್ ಮಾಡ್ಲಿ? ಹನ್ನೆರಡು ಕುರ್ಚಿ ಒರೆಸಿ ದುಂಡಗೆ ಹಾಕ್ತಿದ್ದೆ. ಮೊದಲನೇ ವಾರ ಹತ್ತು ಜನ ಬಂದ್ರು. ಎರಡನೇ ವಾರ ಏಳು. ಐದನೇ ವಾರಕ್ಕೆ ನಾಲ್ಕು. ಉಳಿದವರು ಎಲ್ಲಿ ಮೇಡಂ ಅಂತ ಕೇಳಿದೆ. 'ಬಿಟ್ಟು ಹೋಗ್ತಾರಮ್ಮ, ಎಲ್ಲಾ ಕಡೆ ಹೀಗೇನೇ' ಅಂದ್ರು. ನನಗೆ ಅದು ಹಿಡಿಸ್ಲಿಲ್ಲ. ಲೈನು ಕಟ್ಟಾದ್ರೆ ಮತ್ತೆ ಜೋಡಿಸ್ಬೇಕು. ಇಪ್ಪತ್ತಮೂರು ವರ್ಷ ಮಾಡಿದ್ದು ಅದೊಂದೇ ಕೆಲಸ ಅಲ್ವಾ?"

ಹಾಗೆ, ಯಾರೂ ಹೇಳದೆ, ಬಿಟ್ಟು ಹೋದವರ ಪಟ್ಟಿ ಹಿಡಿದು ಫೋನು ಮಾಡತೊಡಗಿದರು. ಮೂರನೇ ವಾರದಲ್ಲೇ ಎಡವಿ ಬಿದ್ದರು. ಆ ಕತೆಯನ್ನು ಅವರೇ ಎತ್ತಿದರು, ನಾನು ಕೆದಕಿದ್ದಲ್ಲ.

ಒಬ್ಬ ದರ್ಜಿ. ಎರಡು ವಾರ ಬಂದು ನಿಲ್ಲಿಸಿದ್ದ. ಅವನು ಬರೆಸಿದ್ದ ನಂಬರಿಗೆ ಹಚ್ಚಿದಾಗ ಎತ್ತಿದ್ದು ಅವನು ಹೊಲಿಯುತ್ತಿದ್ದ ಬಟ್ಟೆ ಅಂಗಡಿಯ ಮಾಲೀಕ. ಯಾರು ಮಾತಾಡೋದು ಎಂದು ಕೇಳಿದ. ಆಪರೇಟರ್ ಅಭ್ಯಾಸದಲ್ಲಿ ಈಕೆ ಸ್ಪಷ್ಟವಾಗಿ, ಸುಶ್ರಾವ್ಯವಾಗಿ ಹೇಳಿಬಿಟ್ಟರು: ವ್ಯಸನಮುಕ್ತಿ ಕೇಂದ್ರದಿಂದ. ಸಂಜೆಯೊಳಗೆ ಅಂಗಡಿಯ ಏಳು ಮಿಷನ್ನಿನವರಿಗೂ ಸುದ್ದಿ ಮುಟ್ಟಿತ್ತು. ಮಾರನೆಯ ದಿನ ವಿಳಾಸ ಹುಡುಕಿಕೊಂಡು ಕ್ಷಮೆ ಕೇಳಲು ಹೋದರು. ಆತ ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದ: "ನಾನು ಕುಡಿಯೋದು ಅವರೆಲ್ಲರಿಗೂ ಗೊತ್ತಿತ್ತು ಅಕ್ಕ. ಬಿಡೋಕೆ ಒದ್ದಾಡ್ತಿರೋದು ಗೊತ್ತಿರ್ಲಿಲ್ಲ. ಈಗ ಅದೂ ನಗೆಪಾಟಲಾಯ್ತು."

ಆತ ಮತ್ತೆ ಬರಲಿಲ್ಲ. ಒಂದೆರಡು ತಿಂಗಳಲ್ಲಿ ಮನೆಯನ್ನೂ ಖಾಲಿ ಮಾಡಿದ. "ಎಲ್ಲಿದಾರೋ, ಇದಾರೋ ಇಲ್ವೋ," ಎನ್ನುವಾಗ ಫೋನಕ್ಕ ಸ್ವೆಟರಿನ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿರುತ್ತಾರೆ.

ಸಮಾಲೋಚಕಿಯ ಬಳಿ ಹೋಗಿ ತಪ್ಪೊಪ್ಪಿಕೊಂಡರು. ಇನ್ನು ಕುರ್ಚಿ ಒರೆಸಿಕೊಂಡಿರು ಎನ್ನುತ್ತಾರೆಂದೇ ಎಣಿಸಿದ್ದರು. ಸಮಾಲೋಚಕಿ ಇಡೀ ಮಧ್ಯಾಹ್ನ ಎದುರು ಕೂರಿಸಿಕೊಂಡು ನಿಯಮ ಬರೆಸಿದರು. ಫೋನು ಮಾಡಬಹುದೇ ಎಂದು ಗುಂಪಿಗೆ ಸೇರುವವರನ್ನು ಮೊದಲೇ ಕೇಳಬೇಕು. ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಬೇರೆಯವರು ಎತ್ತಿದರೆ ಏನು ಹೇಳಬೇಕು, ಬಾರದಿದ್ದರೆ ಮನೆಗೆ ಬರಬಹುದೇ, ಎಲ್ಲವನ್ನೂ ಅವರಿಂದಲೇ ಬರೆಸಿ ಸಹಿ ಹಾಕಿಸಬೇಕು. ಬೇರೆಯವರು ಎತ್ತಿದರೆ ಹೇಳಲು ಒಂದು ನಿರಪಾಯದ ಹೆಸರು ಬೇಕಿತ್ತು. "ಫೋನಕ್ಕ ಮಾಡಿದ್ರು ಅಂತ ಹೇಳಿ, ಸಾಕು," ಎಂದು ಶುರು ಮಾಡಿದರು. ಈಗ ಆಸ್ಪತ್ರೆಯ ಗೇಟಿನವನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಯಾರಿಗೂ ಅವರ ನಿಜವಾದ ಹೆಸರು ನೆನಪಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ.

ಅದೇ ಮಧ್ಯಾಹ್ನ ಸಮಾಲೋಚಕಿ ಇನ್ನೊಂದು ಮಾತು ಹೇಳಿದ್ದರು. ಓಡಿಹೋದವರನ್ನು ಹಿಡಿದು ತರುವುದಕ್ಕಿಂತ ಓಡುವ ಮನಸ್ಸು ಬಾರದ ಹಾಗೆ ಮೊದಲೇ ತಯಾರು ಮಾಡುವುದು ಮೇಲು ಎಂದು. ಫೋನಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಂದು ಯಾರೇ ಹೊಸಬರು ಗುಂಪಿಗೆ ಸೇರುವ ಮೊದಲು ಫೋನಕ್ಕನ ಜೊತೆ ಒಂದು ಗಂಟೆ ಕಳೆಯಲೇಬೇಕು. ಅದು ಖಾಲಿ ಕೋಣೆಯ ಗಂಟೆ.

ಅದು ಹೇಗಿರುತ್ತದೆಂದು ನನಗೆ ತಿಳಿಸಿದವರು ಒಬ್ಬ ಗಣಿತದ ಮೇಷ್ಟ್ರು. "ಮೇಷ್ಟ್ರು ಅಂತಲೇ ಬರೀರಿ. ಮೇಷ್ಟ್ರುಗಳಿಗೇನು ಬರಗಾಲ?" ಎಂದು ನಕ್ಕರು. ವಯಸ್ಸು ಐವತ್ತನಾಲ್ಕು. ಎಂಟು ತಿಂಗಳ ಹಿಂದೆ, ಬೆಳಗಿನ ಮೊದಲ ಪೀರಿಯಡ್ಡಿನಲ್ಲೇ ಕಪ್ಪುಹಲಗೆಯ ಮುಂದೆ ಕುಸಿದು ಬಿದ್ದಿದ್ದರು. ಕುಡಿದಿದ್ದಾರೆಂದು ಕೊನೇ ಬೆಂಚಿನವರಿಗೂ ವಾಸನೆ ಹೊಡೆದಿತ್ತು. ಚಿಕಿತ್ಸೆ ಮುಗಿಸಿಕೊಂಡು ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂದಿತ್ತು ಶಾಲೆ. ಹೆಂಡತಿ ಅಕ್ಕನ ಮನೆಗೆ ಹೋಗಿ ಕೂತಿದ್ದರು. ಮೇಷ್ಟ್ರು ಔಷಧಿ ನುಂಗಿದರು, ಸಮಾಲೋಚಕಿಯ ಎದುರು ಒಬ್ಬರೇ ಕೂತು ಮಾತಾಡಿದರು. ಗುಂಪು ಎಂದಾಗ ಮಾತ್ರ ಮೂರು ಸಲ ಆಗಲ್ಲ ಎಂದಿದ್ದರು.

"ಫೋನಕ್ಕ ನನ್ನನ್ನ ಖಾಲಿ ಕೋಣೆಗೆ ಕರ್ಕೊಂಡು ಹೋದ್ರು," ಎನ್ನುತ್ತಾರೆ ಮೇಷ್ಟ್ರು. "ಯಾವ ಕುರ್ಚಿ ಬೇಕು ನೋಡಿ ಅಂದ್ರು. ಬಾಗಿಲ ಪಕ್ಕದ್ದು ತೋರಿಸಿದೆ. 'ಎಲ್ರೂ ಮೊದಲು ಅದನ್ನೇ ಆರಿಸೋದು. ಕೂತ್ಕೊಳ್ಳಿ' ಅಂದ್ರು. ನಾನು ಕೂತೆ, ಅವರೂ ಕೂತ್ರು. ಆಮೇಲೆ ಮೊದಲಿಂದ ಕೊನೇ ತನಕ ಏನೇನಾಗತ್ತೆ ಅಂತ ಹೇಳ್ತಾ ಹೋದ್ರು. ನಿಮ್ಮ ಸರದಿ ಬಂದಾಗ 'ಇವತ್ತು ಬರೀ ಕೇಳ್ತೀನಿ' ಅಂದ್ರೆ ಸಾಕು, ಯಾರೂ ಒತ್ತಾಯ ಮಾಡಲ್ಲ. ಯಾರೋ ಅಳ್ತಾರೆ, ಅವರನ್ನ ಸಮಾಧಾನ ಮಾಡೋ ಜವಾಬ್ದಾರಿ ನಿಮ್ಮದಲ್ಲ. ಯಾರೋ ಕೊಚ್ಕೋತಾರೆ. ಯಾರೋ ನಿಮ್ಮ ಮೇಲೇ ರೇಗಬಹುದು. 'ನಾನು ಇವರ ಥರ ಅಲ್ಲ' ಅಂತ ನಿಮಗೆ ಅನ್ಸತ್ತೆ ನೋಡಿ, ಅದು ಅಲ್ಲಿ ಕೂತಿರೋ ಹನ್ನೆರಡೂ ಜನಕ್ಕೆ ಅನ್ಸಿರತ್ತೆ, ಅಂದ್ರು."

ಇನ್ನೊಂದು ಎಚ್ಚರಿಕೆಯೂ ಇತ್ತು. ಮೂರು ನಾಲ್ಕು ವಾರ ಆದ ಮೇಲೆ ಒಂದು ದಿನ ಎಲ್ಲ ಸರಿಹೋಯಿತು, ಇನ್ನು ಇದೆಲ್ಲ ಯಾಕೆ ಎನ್ನಿಸುತ್ತದೆ. ಬಿಡಬೇಕು ಎನ್ನಿಸಿದರೆ ಬಿಡಿ, ಆದರೆ ಹೇಳಿ ಬಿಡಿ, ಹೇಳದೆ ಬಿಡಬೇಡಿ. ಇದಿಷ್ಟನ್ನು ಫೋನಕ್ಕ ಎಲ್ಲರಿಗೂ ಹೇಳುತ್ತಾರೆ. ಯಾಕೆಂದು ಕೇಳಿದೆ. "ಹೇಳೋಕೆ ಬರ್ತಾರಲ್ಲ, ಬಂದವರಲ್ಲಿ ಅರ್ಧ ಜನ ಅಲ್ಲೇ ಕೂತ್ಕೋತಾರೆ," ಎಂದು ಕಣ್ಣು ಮಿಟುಕಿಸಿದರು.

ಮೇಷ್ಟ್ರು ಕೊನೆಗೆ ತಮ್ಮ ನಿಜವಾದ ಭಯ ಹೊರಗೆ ಹಾಕಿದರು. "ಒಳಗೆ ನನ್ನ ಗುರುತಿನವರು ಇದ್ರೆ?"

"ಇರಬಹುದು," ಎಂದರು ಫೋನಕ್ಕ. "ಇರಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಅವರೂ ನಿಮ್ಮನ್ನ ನೋಡಿ ಅಷ್ಟೇ ಗಾಬರಿ ಆಗ್ತಾರೆ, ಅದು ನೆನಪಿರ್ಲಿ."

ಮಂಗಳವಾರ ಎಂಟಕ್ಕೆ ಸರಿಯಾಗಿ ಮೇಷ್ಟ್ರು ಒಳಗೆ ಹೋದರು. ಬಾಗಿಲು ಮುಚ್ಚಿ ಐದು ನಿಮಿಷ ಆಗಿರಲಿಲ್ಲ, ಮತ್ತೆ ತೆರೆಯಿತು. ಮೇಷ್ಟ್ರು ಹೊರಗೆ ಬಂದರು. ಕಾರಿಡಾರು ದಾಟಿ, ಹೊರಗಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಫೋನಕ್ಕ ಒಂದು ಮೆಟ್ಟಿಲು ಕೆಳಗೆ ಹೋಗಿ ಕೂತರು. ಏನಾಯಿತೆಂದು ಕೇಳಲಿಲ್ಲ. ಹತ್ತು ನಿಮಿಷದ ಮೇಲೆ ಮೇಷ್ಟ್ರೇ ಶುರು ಮಾಡಿದರು.

ಎದುರು ಕುರ್ಚಿಯಲ್ಲಿ ಕೂತಿದ್ದವನು ಅವರ ಹಳೆಯ ವಿದ್ಯಾರ್ಥಿ. ಈಗ ಮೂವತ್ತೆರಡು ವರ್ಷ, ವೆಲ್ಡಿಂಗ್ ಕೆಲಸ. ಎಂಟನೇ ತರಗತಿಯಲ್ಲಿದ್ದಾಗ ಲೆಕ್ಕ ಮಾಡಿಕೊಂಡು ಬಾರದ ಅವನನ್ನು ಮೇಷ್ಟ್ರು ಎದ್ದು ನಿಲ್ಲಿಸಿದ್ದರು. ಮನೆಯಲ್ಲಿ ಗಲಾಟೆ ಆಯಿತು ಸಾರ್, ಎಂದಿದ್ದ ಆತ. ನಲವತ್ತು ಮಕ್ಕಳ ಮುಂದೆ ಮೇಷ್ಟ್ರು ಹೇಳಿದ್ದರು: "ಕುಡುಕನ ಮಗ. ಬರೆದಿಟ್ಕೋ, ನೀನೂ ಅದೇ ಆಗ್ತೀಯ." ಆಮೇಲೆ ಪೀರಿಯಡ್ ಮುಗಿಯುವ ತನಕ ಬಾಗಿಲ ಹೊರಗೆ ನಿಲ್ಲಿಸಿದ್ದರು.

"ಇದನ್ನ ಬಿಟ್ಟು ಬರೀಬೇಡಿ," ಎಂದರು ಮೇಷ್ಟ್ರು ನನಗೆ, ಅದೇ ಮೆಟ್ಟಿಲ ಮೇಲೆ ಕೂತು. "ಬಿಟ್ರೆ ಉಳಿದದ್ದೆಲ್ಲ ಸುಳ್ಳಾಗತ್ತೆ."

ಅಂದು ಅವರು ಫೋನಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದರು, ಮತ್ತೆ ಒಳಗೆ ಹೋಗುವುದಿಲ್ಲ. ಸಮಾಲೋಚಕಿ ಶುಕ್ರವಾರದ ಗುಂಪಿಗೆ ಬನ್ನಿ ಎಂದರು. "ಅಲ್ಲಿ ಇನ್ನೊಬ್ಬ ಇರ್ತಾನೆ ಮೇಡಂ. ಮೂವತ್ತು ವರ್ಷ ಪಾಠ ಮಾಡಿದೀನಿ," ಎಂದರು ಮೇಷ್ಟ್ರು. ಅದನ್ನು ಹೇಳುವಾಗ ಅವರಿಗೆ ನಗು ಬಂದಿರಲಿಲ್ಲ.

ಫೋನಕ್ಕ ಕೇಳಿದ್ದು ಒಂದೇ. "ಒಂಬತ್ತೂವರೆ ತನಕ ಇಲ್ಲೇ ಕೂತಿರ್ತೀರಾ? ಮೆಟ್ಟಿಲ ಮೇಲೆ ಕೂತ್ರೂ ಹಾಜರಿ ಹಾಕ್ತೀನಿ."

ಮೂವತ್ತು ವರ್ಷ ಹಾಜರಿ ಕೂಗಿದ ಮನುಷ್ಯನಿಗೆ ಆ ಮಾತು ಎಲ್ಲೋ ನಾಟಿತು. ಕೂತರು. ಮುಂದಿನ ಮಂಗಳವಾರವೂ ಬಂದು ಮೆಟ್ಟಿಲ ಮೇಲೆಯೇ ಕೂತರು. ಫೋನಕ್ಕನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಬಂದಿದ್ದಾರೆ, ಮೆಟ್ಟಿಲು' ಎಂದು ಮೂರು ವಾರ ಬರೆದಿದೆಯಂತೆ. ಸಮಾಲೋಚಕಿ ಅದಕ್ಕೆ ಅಡ್ಡಿ ಮಾಡಲಿಲ್ಲ. "ಆ ಮೂರು ವಾರ ಅವರು ಬಾಗಿಲಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಮನೆಯಲ್ಲಿದ್ದಿದ್ದರೆ ಬಾಟಲಿಗೆ ಎರಡೇ ಹೆಜ್ಜೆ," ಎಂದರು ನನ್ನೊಡನೆ.

ಇತ್ತ ವೆಲ್ಡರ್ ಕೈತಪ್ಪುವ ಹಾಗಿದ್ದ. ಅವನು ಸೇರಿ ಆಗ ನಾಲ್ಕು ತಿಂಗಳು, ಒಂದು ತೊಟ್ಟೂ ಮುಟ್ಟಿರಲಿಲ್ಲ. ಎರಡನೇ ಮಂಗಳವಾರ ಬೆಳಿಗ್ಗೆ ಫೋನಕ್ಕ ಲೈನು ಹಚ್ಚಿದರೆ, "ಅವರು ಬರೋ ಜಾಗಕ್ಕೆ ನಾನು ಬರಲ್ಲ ಅಕ್ಕ," ಎಂದ. ಒಬ್ಬರನ್ನು ಉಳಿಸಿಕೊಳ್ಳಲು ಹೋದರೆ ಇನ್ನೊಬ್ಬರು ಜಾರುತ್ತಾರೆ. ಮೇಷ್ಟ್ರು ಹೇಳಿದ್ದನ್ನು ಇವನಿಗೆ ಹೇಳುವಂತಿಲ್ಲ, ಇವನು ಹೇಳಿದ್ದನ್ನು ಅವರಿಗೂ ಹೇಳುವಂತಿಲ್ಲ. ಆ ಬೆಳಿಗ್ಗೆ ಅತ್ತೆಗೆ ಚಹಾ ಕೊಡುವುದನ್ನೂ ಮರೆತೆ ಎನ್ನುತ್ತಾರೆ ಫೋನಕ್ಕ. ಕೊನೆಗೆ ಅವನಿಗೆ ಹೇಳಿದ್ದಿಷ್ಟು: "ನೀವು ನಾಲ್ಕು ತಿಂಗಳು ಕೂತ ಕುರ್ಚಿ ಅದು. ಅದನ್ನ ಯಾರಿಗೋಸ್ಕರಾನೂ ಬಿಟ್ಕೊಡಬೇಡಿ. ಬೈಯೋದಿದ್ರೆ ಒಳಗೆ ಕೂತು ಬೈರಿ, ಮೇಡಂ ಇರ್ತಾರೆ." ಅವನು ಬಂದ. ಮೆಟ್ಟಿಲ ಮೇಲೆ ಕೂತ ಮೇಷ್ಟ್ರನ್ನು ಸುತ್ತುಹಾಕಿ, ಗೋಡೆಗೆ ಒತ್ತಿಕೊಂಡು ಒಳಗೆ ಹೋದ. ಮೂರನೇ ವಾರವೂ ಹಾಗೇ.

ನಾಲ್ಕನೇ ಮಂಗಳವಾರ. ಎಂಟೂಮುಕ್ಕಾಲಿಗೆ ಐದು ನಿಮಿಷ ಬಿಡುವು ಇರುತ್ತದೆ. ವೆಲ್ಡರ್ ನೀರು ಕುಡಿಯಲು ಕಾರಿಡಾರಿಗೆ ಬಂದವನು ಕುಡಿದು, ಲೋಟ ಇಟ್ಟು, ನಿಂತೇ ಇದ್ದ. ಫೋನಕ್ಕ ಕಿಟಕಿಯ ಕಡೆ ಮುಖ ಮಾಡಿದರು. ಮೆಟ್ಟಿಲಿನ ಕಡೆ ಹೆಜ್ಜೆ ಸಪ್ಪಳ ಕೇಳಿಸಿತು. ಆಮೇಲೆ ಮಾತು ಕೇಳಿಸಿತು.

"ಸಾರ್, ಒಳಗೆ ಬನ್ನಿ. ಹೊರಗೆ ನಿಲ್ಸೋದು ನಿಮ್ಮ ಕೆಲಸ, ನಂದಲ್ಲ."

ಮೇಷ್ಟ್ರು ಎದ್ದರು. ಏಳುವಾಗ ಅವನೇ ರಟ್ಟೆ ಹಿಡಿದ. ಇಬ್ಬರೂ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿತು. ಅಂದು ಒಳಗೆ ಏನು ಮಾತಾಯಿತೆಂದು ಮೇಷ್ಟ್ರನ್ನು ಕೇಳಿದೆ, ವೆಲ್ಡರನ್ನು ಕೇಳಿದೆ, ಸಮಾಲೋಚಕಿಯನ್ನೂ ಕೇಳಿದೆ. ಮೂವರೂ ಹೇಳಲಿಲ್ಲ. ಫೋನಕ್ಕನನ್ನು ಕೇಳಿದರೆ ನಗುತ್ತಾರೆ. "ನನಗೆ ಹೇಗೆ ಗೊತ್ತಿರತ್ತೆ? ಹನ್ನೊಂದು ವರ್ಷದಲ್ಲಿ ಗುಂಪು ನಡೆಯುವಾಗ ಒಂದೇ ಒಂದು ದಿನಾನೂ ನಾನು ಒಳಗೆ ಕೂತಿಲ್ಲ. ನನ್ನ ಕೆಲಸ ಬಾಗಿಲ ತನಕ. ಅಂದು ಒಂಬತ್ತೂವರೆಗೆ ಬಿಡಬೇಕಿತ್ತು, ಹತ್ತೂಹತ್ತಕ್ಕೆ ಬಿಟ್ರು. ಅಷ್ಟೇ ನನಗೆ ಗೊತ್ತಿರೋದು."

ಕತೆ ಅಲ್ಲಿಗೆ ಸುಖಾಂತವಾಗಲಿಲ್ಲ. ಏಳನೇ ವಾರ ಮೇಷ್ಟ್ರು ನಾಲ್ಕು ದಿನ ಸತತ ಕುಡಿದರು. ಮಂಗಳವಾರ ಫೋನು ಬಂದ್. ಮನೆಗೆ ಬರಬಹುದು ಎಂದು ಅವರೇ ಸಹಿ ಹಾಕಿದ್ದರಿಂದ ಫೋನಕ್ಕ ಅಂದು ಮಧ್ಯಾಹ್ನ ಹೋದರು. ಮೇಷ್ಟ್ರು ಬಾಗಿಲನ್ನು ಅರ್ಧವೇ ತೆರೆದರು. "ಯಾವ ಮುಖ ಇಟ್ಕೊಂಡು ಬರ್ಲಿ?"

"ಮುಖ ನೋಡೋಕೆ ಬಂದಿಲ್ಲ. ಮುಂದಿನ ಮಂಗಳವಾರ ಬೆಳಿಗ್ಗೆ ಫೋನ್ ಮಾಡ್ಲಾ ಬೇಡ್ವಾ ಅಂತ ಕೇಳೋಕೆ ಬಂದೆ."

ಮಾಡಿ ಎಂದರು. ಅಂದಿನಿಂದ ಒಂದು ವಾರವನ್ನೂ ತಪ್ಪಿಸಿಲ್ಲ. ಈಗ ಮತ್ತೆ ಪಾಠ ಮಾಡುತ್ತಿದ್ದಾರೆ. ಹೆಂಡತಿ ಹೋದ ತಿಂಗಳು ಮನೆಗೆ ಬಂದಿದ್ದಾರೆ, "ಪೆಟ್ಟಿಗೆ ಇನ್ನೂ ಪೂರ್ತಿ ಬಿಚ್ಚಿಲ್ಲ" ಎನ್ನುತ್ತಾರೆ ಮೇಷ್ಟ್ರು. ವೆಲ್ಡರನ್ನು ನಾನು ಅವನ ಕೆಲಸದ ಜಾಗದಲ್ಲೇ ಕಂಡೆ. ವೆಲ್ಡಿಂಗ್ ಮುಖವಾಡ ಹಣೆಗೇರಿಸಿ, "ನನ್ನ ಬಗ್ಗೆ ಜಾಸ್ತಿ ಬೇಡ ಸಾರ್. ಗೇಟು ಚೆನ್ನಾಗಿ ಮಾಡ್ತಾನೆ ಅಂತ ಬರೀರಿ," ಎಂದ. ಗೇಟು ನೋಡಿದೆ. ಚೆನ್ನಾಗಿಯೇ ಮಾಡುತ್ತಾನೆ.

ಮೊದಲು ಹತ್ತು ಜನ ಸೇರಿದರೆ ಹನ್ನೆರಡನೇ ವಾರಕ್ಕೆ ಮೂವರು ಉಳಿಯುತ್ತಿದ್ದರಂತೆ, ಈಗ ಏಳು ಜನ ಉಳಿಯುತ್ತಾರೆ. ಲೆಕ್ಕ ಇಟ್ಟವರು ಸಮಾಲೋಚಕಿ. "ನನಗೆ ಓದಿನಲ್ಲಿ ಕಲಿಸಿದ್ದನ್ನು ನಾನು ಇವರಿಗೆ ಹೇಳಿದ್ದು ಒಂದು ಮಧ್ಯಾಹ್ನ. ಇವರು ಅದನ್ನು ದಿನಾ ಮಾಡಿದರು. ಹೊಸಬರನ್ನು ಒಳಗೆ ಕಳಿಸುವ ಮೊದಲು ಒಂದು ಚೀಟಿ ಕೊಡುತ್ತಾರೆ ನನಗೆ. 'ಎಡಗಿವಿ ಕೇಳಿಸಲ್ಲ, ಬಲಕ್ಕೆ ಕೂತು ಮಾತಾಡಿ.' 'ಓದೋಕೆ ಬರಲ್ಲ, ನಾಚಿಕೆ, ಫಾರಂ ನಾನೇ ತುಂಬಿಸಿದೀನಿ.' 'ಕೋಪ ಬಂದ್ರೆ ನಗ್ತಾರೆ, ತಪ್ಪು ತಿಳೀಬೇಡಿ.' ಇಂಥ ಚೀಟಿ ಯಾವ ಪುಸ್ತಕದಲ್ಲೂ ಇಲ್ಲ."

ಚೀಟಿಗೆ ದಕ್ಕದವರೂ ಇದ್ದಾರೆ. ಹನ್ನೊಂದು ವರ್ಷದಲ್ಲಿ ಆರು ಜನ ತೀರಿಕೊಂಡಿದ್ದಾರೆ. ಒಂದು ಮನೆಗೆ ಬೆಳಿಗ್ಗೆ ಆರೂವರೆಗೆ ಎಂದಿನಂತೆ ಫೋನು ಹಚ್ಚಿದಾಗ ಅವರ ತಂಗಿ ಎತ್ತಿ, ಅಣ್ಣ ನಿನ್ನೆ ಹೋದ ಎಂದರಂತೆ. "ನಾನು ಸ್ವಲ್ಪ ಹೊತ್ತು ಲೈನಲ್ಲೇ ಇದ್ದೆ. ಅವರೂ ಇಡಲಿಲ್ಲ. ಆಮೇಲೆ ಮುಂದಿನ ನಂಬರು ಒತ್ತಲೇಬೇಕಿತ್ತಲ್ಲ, ಇನ್ನೂ ಎಂಟು ಜನ ಮಲಗಿದ್ರು." ಬೈಗುಳಕ್ಕಂತೂ ಬರವಿಲ್ಲ. ಒಬ್ಬ ತಾಯಿ, ನನ್ನ ಮಗನಿಗೆ ದಿನಾ ಕುಡಿತ ನೆನಪಿಸಿ ನೆನಪಿಸಿ ಅವನು ಅದನ್ನ ಮರೆಯೋ ಹಾಗೇ ಇಲ್ಲ ಎಂದು ಉಗಿದಿದ್ದಾರೆ. "ಅವರು ಹೇಳಿದ್ದರಲ್ಲೂ ನ್ಯಾಯ ಇದೆ" ಎಂದು, ದಿನಾ ಫೋನು ಬೇಕೆಂದು ಬರೆಸಿದ್ದ ಆ ಮಗನಿಗೆ ಮಾಡುವುದನ್ನು ವಾರಕ್ಕೊಮ್ಮೆಗೆ ಇಳಿಸಿದರು.

ಕಾಗದದ ಮೇಲೆ ಅವರಿನ್ನೂ ಹೆಚ್ಚುವರಿ ಸಿಬ್ಬಂದಿಯೇ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನಿಮ್ಮ ಕೆಲಸ ಏನಮ್ಮ ಎಂದು ಕೇಳಿದರಂತೆ. ಫೋನ್ ಮಾಡ್ತೀನಿ ಸಾರ್. ಯಾರಿಗೆ? ಹೇಳೋ ಹಾಗಿಲ್ಲ ಸಾರ್. ಏನು ಮಾತಾಡ್ತೀರಿ? ಅದೂ ಹೇಳೋ ಹಾಗಿಲ್ಲ ಸಾರ್. ಅಧಿಕಾರಿ ಪೆನ್ನು ಮುಚ್ಚಿ ಮುಂದಿನ ಕೋಣೆಗೆ ನಡೆದರು. ಇದನ್ನು ಹೇಳಿ ಫೋನಕ್ಕನಿಗಿಂತ ಹೆಚ್ಚು ನಗುವವರು ಅವರ ಯಜಮಾನರು. ಗಡಿಯಾರ ರಿಪೇರಿ ಅವರ ಕಸುಬು. "ಹನ್ನೊಂದು ವರ್ಷ ಆಯ್ತು, ಇವಳು ಯಾರನ್ನ ಎಬ್ಬಿಸ್ತಾಳೋ ನನಗೆ ಗೊತ್ತಿಲ್ಲ. ಎದ್ದಿರೋನು ಮಾತ್ರ ನಾನು," ಎನ್ನುತ್ತಾರೆ. ಚಹಾ ಮಾಡಲು ಕಲಿತದ್ದು ಅದರಿಂದಲೇ ಎಂದೂ ಸೇರಿಸುತ್ತಾರೆ.

ಮುಂದಿನ ವರ್ಷ ಫೋನಕ್ಕ ನಿವೃತ್ತರಾಗುತ್ತಾರೆ. ಇಲ್ಲದ ಹುದ್ದೆಗೆ ಇನ್ನೊಬ್ಬರನ್ನು ಹಾಕುವುದು ಹೇಗೆ ಎಂಬುದು ಕಚೇರಿಯ ತಲೆನೋವು. ಹುದ್ದೆ ಸಿಗದಿದ್ದರೆ ಖಾಲಿ ಕೋಣೆಯ ಗಂಟೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮೇಷ್ಟ್ರು ಹೇಳಿದ್ದಾರೆ. ನಿಮಗೇನು ಆಸೆ ಎಂದು ಕೇಳಿದೆ. ಸನ್ಮಾನ, ಪದಕ ಏನಾದರೂ?

"ಅಯ್ಯೋ, ಸನ್ಮಾನ ಇಟ್ಕೊಂಡ್ರೆ ಬರೋರು ಯಾರು? ಬಂದ್ರೆ ಎಲ್ರಿಗೂ ಗುರುತು ಸಿಕ್ಕಿಬಿಡತ್ತೆ," ಎಂದು ನಕ್ಕರು. ಆಮೇಲೆ, "ಹೋದ ವಾರದ್ದು ಒಂದು ಹೇಳ್ತೀನಿ. ಯಾರು ಅಂತ ಕೇಳಬೇಡಿ," ಎಂದರು.

"ಬಸ್ಸಲ್ಲಿ ಬರ್ತಿದ್ದೆ. ಹಿಂದಿನ ಸೀಟಲ್ಲಿ ಒಂದು ಹುಡುಗಿ ದನಿ. ಎಲ್ಲೋ ಕೇಳಿದೀನಲ್ಲ ಅನ್ನಿಸ್ತು. ಎರಡು ವರ್ಷದ ಹಿಂದೆ ಒಂದು ಮನೆಗೆ ಫೋನ್ ಮಾಡಿದಾಗ ಒಂದು ಮಗು ಎತ್ತೋದು. ಪಿಸುಗುಟ್ಟೋದು, ಅಪ್ಪ ಎದ್ದಿದಾರೆ, ಆದ್ರೆ ನಾನು ಮಂಚದ ಕೆಳಗಿದೀನಿ, ಜೋರಾಗಿ ಮಾತಾಡಕ್ಕಾಗಲ್ಲ ಅಂತ. ಆ ದನೀನೇ ಇದು. ನಾನು ತಿರುಗಿ ನೋಡ್ಲಿಲ್ಲ. ಹೊರಗಡೆ ನಾವಾಗೇ ಗುರುತು ಹಿಡಿಯೋ ಹಾಗಿಲ್ಲ. ಆದ್ರೆ ಕಿವಿ ಮುಚ್ಚಕ್ಕಾಗತ್ತಾ? ಕಿಟಕಿ ಸೀಟು ನಂದು, ನೀನು ಆ ಕಡೆ ಜರುಗು, ನಿನ್ನೇನೂ ನೀನೇ ಕೂತಿದ್ದೆ ಅಂತ ಅದೇ ಅಪ್ಪನ ಜೊತೆ ಜಗಳ. ಎಷ್ಟು ಜೋರು ಅಂತೀರಾ! ಬಸ್ಸಿಗೆ ಬಸ್ಸೇ ತಿರುಗಿ ನೋಡ್ತಿತ್ತು. ಆಯ್ತಮ್ಮ ಆಯ್ತು ಅಂತ ಅವರು ಜರುಗಿ ಕೂತ್ರು. ನನ್ನ ಸ್ಟಾಪು ಬಂತು, ಇಳ್ಕೊಂಡೆ."